ಭುವನೇಶ್ವರವನ್ನು ಹಾಕಿಯ ರಾಜಧಾನಿ ಎನ್ನುವುದು ಸರಿಯೇ?

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಸೂಸಲಾ-ಮಿರ್ಚಿ ತಿನ್ನುತ್ತ ನಾವು ಗೆಳೆಯರು ಇದೇ ವಾದಕ್ಕೆ ಬಿದ್ದಿದ್ದೆವು. ಮಿರ್ಚಿ ಆರಿತು, ವಾದ ಆರಲಿಲ್ಲ. ನನ್ನ ಪ್ರಕಾರ ಅರ್ಧ ಸರಿ.

ಮೈದಾನ ಮತ್ತು ಹಣದ ಲೆಕ್ಕದಲ್ಲಿ ಭುವನೇಶ್ವರಕ್ಕೆ ದೇಶದಲ್ಲಿ ಸಾಟಿಯಿಲ್ಲ. 2018ರ ಪುರುಷರ ವಿಶ್ವಕಪ್ ಅಲ್ಲಿನ ಕಳಿಂಗ ಕ್ರೀಡಾಂಗಣದಲ್ಲೇ ನಡೆಯಿತು; 2023ರದ್ದನ್ನು ಅದು ರೂರ್ಕೆಲಾದೊಂದಿಗೆ ಹಂಚಿಕೊಂಡಿತು. 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವವೂ ಒಡಿಶಾ ಸರ್ಕಾರದ್ದೇ.

ಆದರೆ ಆಟಗಾರರು? ಒಡಿಶಾದ ಆಟಗಾರರಲ್ಲಿ ಬಹಳಷ್ಟು ಮಂದಿ ದೂರದ ಸುಂದರ್‌ಗಢ ಜಿಲ್ಲೆಯವರು. ಸೌನಾಮಾರಾ ಎಂಬ ಒಂದೇ ಹಳ್ಳಿ ದಿಲೀಪ್ ಟಿರ್ಕಿ, ಅಮಿತ್ ರೋಹಿದಾಸ್ ಇಬ್ಬರನ್ನೂ ಕೊಟ್ಟಿದೆ. ನಮ್ಮ ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರಲ್ಲ, ಹಾಗೆ. ತೊಗರಿ ಬೆಳೆಯುವುದು ಪೇಟೆಯಲ್ಲಲ್ಲ, ಸುತ್ತಲಿನ ಎರೆಹೊಲಗಳಲ್ಲಿ.

ನಾನು ಕೊಡಗಿನ ಪರ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ 360 ತಂಡಗಳಿಗೆ ಬೆಳೆಯಿತು. ಮನೆತನದ ಹೆಸರಿನ ತಂಡದಲ್ಲಿ ಹೆಣ್ಣುಮಕ್ಕಳೂ ತಲೆ ನರೆತವರೂ ಒಟ್ಟಿಗೆ ಸ್ಟಿಕ್ ಹಿಡಿಯುತ್ತಾರೆ. ‘ಅದು ನಗರವಲ್ಲ, ಜಿಲ್ಲೆ’ ಎಂದು ಗೆಳೆಯ ತಕರಾರು ತೆಗೆದ. ಒಪ್ಪಿಕೊಂಡೆ, ಮಿರ್ಚಿಯ ದುಡ್ಡು ಅವನೇ ಕೊಟ್ಟಿದ್ದ.