ಹಲ್ಲುನೋವಿನ ಹತ್ತು ದಿನ: ಲೆಸ್ಟರ್‌ನಲ್ಲಿರುವ ತಂಗಿಗೆ

ತಂಗಿ,

ಬಾಗಲಕೋಟೆಯಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಓದಲು ಹೋಗಿ ಮೂರು ವಾರವಾಯಿತೆಂದೂ, ಊರಿನಿಂದ ಒಯ್ದ ಕಟಕ್ ರೊಟ್ಟಿ ಕಡಿಯುವಾಗ ಹಳೆಯ ಸಿಮೆಂಟು ಕಿತ್ತುಬಂದು ದವಡೆ ಹಲ್ಲು ರಾತ್ರಿಯಿಡೀ ಸಿಡಿಯುತ್ತಿದೆಯೆಂದೂ, ದಂತವೈದ್ಯರು ಹತ್ತು ದಿನ ಬಿಟ್ಟು ಬರಹೇಳಿದ್ದಾರೆಂದೂ ಬರೆದು, ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಲಿ ಎಂದು ಕೇಳಿದ್ದೀಯ. ಹದಿನಾಲ್ಕು ವರ್ಷದಿಂದ ಲೆಸ್ಟರ್‌ನಲ್ಲೇ ಇರುವ ನಾನು ಈಗ ರಜೆಗೆ ವಿಜಯಪುರಕ್ಕೆ ಬಂದಿದ್ದೇನೆ. ನಿನ್ನ ಪ್ರಶ್ನೆ ಓದಿ ಹೇಳಿದ ಕೂಡಲೇ ನಮ್ಮವ್ವ ಮಸಾಲೆ ಡಬ್ಬಿಯಿಂದ ಎರಡು ಲವಂಗ ತೆಗೆದು, ನೋವು ನನಗೇ ಬಂದಿದೆಯೋ ಎಂಬಂತೆ, ನನ್ನ ಅಂಗೈಯಲ್ಲಿಟ್ಟಳು.

ಆಕೆಯ ಮದ್ದು ಸುಳ್ಳಲ್ಲ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಲವಂಗದೆಣ್ಣೆಯ ಪುಟ್ಟ ಸೀಸೆ ಅಲ್ಲಿನ ಔಷಧದಂಗಡಿಗಳಲ್ಲೂ ಸಿಗುತ್ತದೆ. ಆದರೆ ಅದನ್ನು ಬೆರಳಿಗೆ ಹಚ್ಚಿಕೊಂಡು ಒಸಡಿಗೆಲ್ಲ ತಿಕ್ಕಬೇಡ, ಸುಡುತ್ತದೆ. ಚಿಕ್ಕ ಹತ್ತಿಯುಂಡೆಗೆ ಒಂದೇ ಹನಿ ಹಾಕಿ, ಹಲ್ಲಿನ ತೂತಿನಲ್ಲಿ ಮಾತ್ರ ಕೆಲವು ನಿಮಿಷ ಇಟ್ಟು ತೆಗೆದುಬಿಡು, ಎಣ್ಣೆಯನ್ನು ನುಂಗಬಾರದು. ಊಟವಾದ ಮೇಲೆ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಸಿಕ್ಕಿಕೊಂಡ ಅನ್ನದಗುಳು ಹೊರಬರುತ್ತದೆ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಗಲ್ಲಕ್ಕೆ ಶಾಖ ಕೊಡುವ ನಮ್ಮ ಕಡೆಯ ರೂಢಿಯನ್ನು ಮಾತ್ರ ಈ ಸಲ ಬಿಡು. ಒಳಗೆ ಕೀವಿದ್ದರೆ ಬಿಸಿಯಿಂದ ಬಾವು ಹೆಚ್ಚಬಹುದು. ಅದರ ಬದಲು ಹಸಿಬಟಾಣಿಯ ತಣ್ಣನೆಯ ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಗಲ್ಲಕ್ಕೆ ಒತ್ತಿಕೋ. ತಂಬಾಕು, ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿ ಇವುಗಳ ಮಾತನ್ನು ಯಾರಾದರೂ ಎತ್ತಿದರೆ ಕಿವಿಗೇ ಹಾಕಿಕೊಳ್ಳಬೇಡ.

ಮಲಗಿದಾಗ ತಲೆಯತ್ತ ರಕ್ತದ ಒತ್ತಡ ಏರುತ್ತದೆ. ಹಲ್ಲಿನ ಒಳಗಿನ ಮೃದುಭಾಗ ಉಬ್ಬಲು ಗಟ್ಟಿ ಗೋಡೆಗಳು ಎಡೆಗೊಡುವುದಿಲ್ಲವಾದ್ದರಿಂದ ನೋವು ರಾತ್ರಿಯೇ ಹೆಚ್ಚು ಕಾಡುತ್ತದೆ. ಎರಡು ದಿಂಬು ಇಟ್ಟುಕೊಂಡು ತಲೆ ಎತ್ತರಿಸಿ ಮಲಗು.

ಮಾತ್ರೆಯ ವಿಷಯದಲ್ಲಿ ಲೆಕ್ಕ ತಪ್ಪಬಾರದು. 500 ಮಿಲಿಗ್ರಾಂ ಪ್ಯಾರಸಿಟಮಾಲ್ ಒಮ್ಮೆಗೆ ಎರಡು, ನಡುವೆ ಕನಿಷ್ಠ ನಾಲ್ಕು ಗಂಟೆ, ಇಡೀ ದಿನರಾತ್ರಿಗೆ ಎಂಟನ್ನು ಮೀರಕೂಡದು. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇಲ್ಲದವರು ಊಟದೊಂದಿಗೆ ಐಬುಪ್ರೊಫೇನ್ ಕೂಡ ತೆಗೆದುಕೊಳ್ಳಬಹುದು. ಹಲ್ಲಿನ ಉರಿಯೂತಕ್ಕೆ ಇವೆರಡೂ ಸೇರಿದರೆ ಹೆಚ್ಚು ಗುಣ. ಊರಿನಿಂದ ಹೋಗುವವರ ಪೆಟ್ಟಿಗೆಯಲ್ಲಿ ತಪ್ಪದೆ ಇರುವ ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೇನ್, 325 ಮಿಲಿಗ್ರಾಂ ಪ್ಯಾರಸಿಟಮಾಲ್ ಎರಡೂ ಇವೆ. ಅದನ್ನು ನುಂಗಿ, ಅದರ ಮೇಲೆ ಅಲ್ಲಿನ ಮಾತ್ರೆಗಳನ್ನೂ, ನೆಗಡಿಯ ಪುಡಿಯನ್ನೂ ತೆಗೆದುಕೊಂಡರೆ ಗೊತ್ತಿಲ್ಲದೆಯೇ ಮಿತಿ ಮೀರುತ್ತೀಯ. ಹಿಂದೆಂದೋ ಉಳಿದ ಆಂಟಿಬಯೋಟಿಕ್ ಮಾತ್ರೆಗಳಿದ್ದರೆ ಅವನ್ನು ಮುಟ್ಟಬೇಡ.

ಇನ್ನು ನನ್ನ ಮೂರ್ಖತನವನ್ನು ಹೇಳುತ್ತೇನೆ. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಇಂಥದೇ ನೋವು ಬಂದಾಗ, ಯಾರೋ ಹೇಳಿದರೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಆ ಜಾಗ ಹಾಲಿನ ಕೆನೆಯಂತೆ ಬೆಳ್ಳಗಾಗಿ ಸುಲಿದಿತ್ತು. ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು: ನಾಲ್ಕನೆಯ ದಿನ ನೋವು ತಾನಾಗಿ ನಿಂತಿತು, ನಾನು ಹಿಗ್ಗಿ ವೈದ್ಯರ ಭೇಟಿಯನ್ನು ರದ್ದು ಮಾಡಿದೆ. ಒಳಗಿನ ನರ ಸತ್ತದ್ದರಿಂದ ನೋವು ನಿಂತಿತ್ತೇ ಹೊರತು ಹುಳುಕು ನಿಂತಿರಲಿಲ್ಲ. ಎರಡು ತಿಂಗಳಿಗೆ ಕೀವು ಬೇರಿಗಿಳಿದು ಗಲ್ಲ ಊದಿತು, ಹಲ್ಲನ್ನು ಕೀಳಿಸಬೇಕಾಯಿತು.

ಆದ್ದರಿಂದ ಹತ್ತು ದಿನ ಕಾಯಬೇಡ. ಇದನ್ನು ಓದಿದ ಕೂಡಲೇ ಅಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ನಿದ್ದೆಗೆಡಿಸುವ ನೋವು, ಮಾತ್ರೆಗೂ ಬಗ್ಗುತ್ತಿಲ್ಲ ಎಂದು ಇದ್ದುದನ್ನು ಇದ್ದಂತೆ ಹೇಳಿ ತುರ್ತು ದಂತಚಿಕಿತ್ಸೆ ಕೇಳು. ನಮ್ಮಲ್ಲಿ ಸಂಜೆ ಬಜಾರಕ್ಕೆ ಹೋದವರು ಹಾಗೆಯೇ ದವಾಖಾನೆಯ ಮೆಟ್ಟಿಲು ಹತ್ತಿ ಹಲ್ಲು ತೋರಿಸಿ ಬರುವಂತೆ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯ ವೈದ್ಯರು ಹಲ್ಲನ್ನು ಮುಟ್ಟುವುದಿಲ್ಲ. ವೀಸಾದೊಂದಿಗೆ ಆರೋಗ್ಯ ಶುಲ್ಕ ಕಟ್ಟಿದ್ದರೂ ದೊಡ್ಡವರ ಹಲ್ಲಿಗೆ ಬೇರೆ ಹಣ ಕೊಡಬೇಕು. ಸರ್ಕಾರಿ ವ್ಯವಸ್ಥೆಯ ತುರ್ತು ಭೇಟಿಗೆ ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ 27.40 ಪೌಂಡ್ ದರವಿತ್ತು. ಖಾಸಗಿಯವರಲ್ಲಿ ಇದರ ಎಷ್ಟೋ ಪಟ್ಟು ಆಗುತ್ತದೆ.

ಬಾವು ಕಣ್ಣಿನತ್ತಲೋ ಕುತ್ತಿಗೆಯತ್ತಲೋ ಹಬ್ಬಿದರೆ, ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ 111 ಬೇಡ, ತಕ್ಷಣ ಆಂಬುಲೆನ್ಸ್ ಕರೆಯುವ ತುರ್ತು ಸಂಖ್ಯೆ 999.

ತುರ್ತು ಭೇಟಿಯಲ್ಲಿ ನೋವಿಗೆ ಆಗಿನ ಪರಿಹಾರವಷ್ಟೇ ಸಿಗಬಹುದು. ಬೇರುನಾಳದ ಚಿಕಿತ್ಸೆ (ರೂಟ್ ಕೆನಾಲ್) ಬೇಕೆಂದರೆ ಬೆಲೆ ಕೇಳಿ, ಎಕ್ಸ್-ರೇ ಪ್ರತಿಯನ್ನು ಪಡೆದು ಇಟ್ಟುಕೋ. ನೀನು ಊರಿಗೆ ಬರುವ ಡಿಸೆಂಬರಿನವರೆಗೆ ತಡೆಯಬಹುದೋ ಇಲ್ಲವೋ ಎಂಬುದನ್ನು ಅಲ್ಲಿನ ವೈದ್ಯರೇ ಹೇಳಲಿ; ತಡೆಯಬಹುದೆಂದರೆ ನಿಮ್ಮೂರಿನ ನಾಡಗೌಡ ದಂತ ಮಹಾವಿದ್ಯಾಲಯದಲ್ಲಿಯೇ ಮಾಡಿಸಿಕೊಳ್ಳಬಹುದು. ಅಲ್ಲಿಯವರೆಗೆ ಉಳಿದ ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ನೆನೆಹಾಕಿ, ಇನ್ನೊಂದು ದವಡೆಯಿಂದ ತಿನ್ನು.