ಎಂಟನೇ ಕ್ರಾಸ್‌ಗೊಂದು ಬೆಂಚು ಹಾಕಿಸಿ

ಓದುಗರ ಪತ್ರ: ನಿಮ್ಮ ಪತ್ರಿಕೆಯಲ್ಲಿ ಹಳೇ ಅಂಗಡಿಗಳ ಬಗ್ಗೆ ಮರುಗುವ ಲೇಖನಗಳು ಆಗಾಗ ಬರುತ್ತವೆ. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಮಲ್ಲೇಶ್ವರದ ಎಂಟನೇ ಕ್ರಾಸ್‌ಗೆ ಕರೆದುಕೊಂಡು ಹೋದರೆ ಕೂರಲು ಜಾಗವಿಲ್ಲ, ಬಳಸುವಂಥ ಶೌಚಾಲಯವಿಲ್ಲ. ಮಾಲ್‌ನಲ್ಲಿ ಎರಡೂ ಇವೆ. ಮಿಕ್ಕ ಸಾಮಾನು ಹತ್ತು ನಿಮಿಷದಲ್ಲಿ ಮನೆಗೇ ಬರುತ್ತದೆ. ಬೀದಿ ಅಂಗಡಿಗಳ ಕಾಲ ಮುಗಿಯಿತು. ಒಪ್ಪಿಕೊಳ್ಳಲು ಯಾಕೆ ಕಷ್ಟ?
— ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಅತ್ತೆಯವರ ವಿಷಯದಲ್ಲಿ ನೀವು ಬರೆದದ್ದು ನೂರಕ್ಕೆ ನೂರು ನಿಜ. ಮಾಲ್‌ನಲ್ಲಿ ಲಿಫ್ಟ್ ಇದೆ, ಶೌಚಾಲಯ ಇದೆ, ಹೆಣ್ಣುಮಕ್ಕಳು ರಾತ್ರಿ ಒಂಬತ್ತಕ್ಕೂ ಧೈರ್ಯವಾಗಿ ಓಡಾಡಬಹುದು. ಇದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ನಿಮ್ಮ ಪಟ್ಟಿಯನ್ನು ನೀವೇ ಇನ್ನೊಮ್ಮೆ ಓದಿ. ಕೂರಲು ಜಾಗ, ಶೌಚಾಲಯ. ಇದರಲ್ಲಿ ಅಂಗಡಿಯವರು ಕೊಡಬೇಕಾದದ್ದು ಯಾವುದು ಹೇಳಿ? ಎರಡೂ ಪಾಲಿಕೆಯ ಕೆಲಸ. ನಾವು ತೆರಿಗೆ ಕಟ್ಟುವುದು ಅದಕ್ಕೇ ಅಲ್ವಾ? ಬೀದಿಗೆ ಸಲ್ಲಬೇಕಾದದ್ದು ಬೀದಿಗೆ ಸಲ್ಲಲಿಲ್ಲ. ಅದನ್ನೇ ಒಳಗೆ ಕಟ್ಟಿಕೊಂಡು ಮಾಲ್‌ನವರು ಗೆದ್ದರು. ಪಾಲಿಕೆ ಮಾಡಿದ ತಪ್ಪಿಗೆ ಅಂಗಡಿಯವರಿಗೆ ಶಿಕ್ಷೆ ಬರೆಯುವುದು ನ್ಯಾಯವಲ್ಲ.

ಮಾಲ್ ಎಂಬ ಕಟ್ಟಡವನ್ನು ರೂಪಿಸಿದವನೂ ಇದೇ ಸಂಕಟಪಟ್ಟ. ವಿಕ್ಟರ್ ಗ್ರೂಯೆನ್ ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ. ಅಲ್ಲಿ ಕಾರಿಲ್ಲದೆ ಒಂದು ಬ್ರೆಡ್ಡೂ ಸಿಗದ ಬಡಾವಣೆಗಳನ್ನು ಕಂಡ. ತನ್ನೂರಿನ ಬೀದಿಯ ಸುಖವನ್ನು ಅವರಿಗೂ ಕೊಡಬೇಕೆಂದು ಮಿನಿಯಾಪೊಲಿಸ್ ಹತ್ತಿರ ಸೌತ್‌ಡೇಲ್ ಕಟ್ಟಿದ. 1956ರಲ್ಲಿ ಅದು ತೆರೆಯಿತು. ಸುತ್ತ ಮನೆ, ಶಾಲೆ, ಪಾರ್ಕು ಎಲ್ಲ ಬರಬೇಕು ಅನ್ನುವುದು ಅವನ ಯೋಜನೆ. ಬಂದದ್ದು ಬಹುಪಾಲು ಕಾರು ನಿಲ್ಲಿಸುವ ಬಯಲು. ಕೊನೆಗಾಲದಲ್ಲಿ ಆತ, ಈ ಮಾಲ್‌ಗಳಿಗೂ ನನಗೂ ಸಂಬಂಧವಿಲ್ಲ ಎಂದು ಬಹಿರಂಗವಾಗಿ ಹೇಳಿದ. ವಾಪಸ್ ವಿಯೆನ್ನಾಕ್ಕೆ ಬಂದರೆ, 1976ರಲ್ಲಿ ಅದರ ಅಂಚಿನಲ್ಲೂ ದೊಡ್ಡದೊಂದು ಮಾಲ್ ಎದ್ದಿತು. ಬೀದಿಗೆ ಬದಲಿಯಾಗಿ ಮಾಲ್ ಹುಟ್ಟಿದ್ದು ಬೀದಿಯೇ ಇಲ್ಲದ ಊರಿನಲ್ಲಿ. ನಮಗೆ ಮಲ್ಲೇಶ್ವರದ ಸಂಪಿಗೆ ರಸ್ತೆ ಇದೆ, ಗಾಂಧಿ ಬಜಾರ್ ಇದೆ, ಚಿಕ್ಕಪೇಟೆ ಇದೆ.

ಗೌರಿ ಹಬ್ಬದ ಹಿಂದಿನ ದಿನ ಒಂದು ಗ್ರಂಥಿಗೆ ಅಂಗಡಿಯ ಮುಂದೆ ನಿಂತು ನೋಡಿ. ಹೊಸದಾಗಿ ಮದುವೆಯಾದ ಹುಡುಗಿ ಮೊಬೈಲ್‌ನಲ್ಲಿ ಪಟ್ಟಿ ಹಿಡಿದು ಬಂದಿರುತ್ತಾಳೆ. ಅಂಗಡಿಯವರು ಪಟ್ಟಿ ಕೇಳುವುದೇ ಇಲ್ಲ. "ಮೊದಲನೇ ಗೌರಿನಾ ಅಮ್ಮಾ? ಎಷ್ಟು ಬಾಗಿನ?" ಅನ್ನುತ್ತಾರೆ. ಮೊರ, ಬಳೆ ಬಿಚ್ಚೋಲೆ, ಅರಿಶಿನದ ಕೊಂಬು, ಹದಿನಾರು ಎಳೆಯ ದಾರ, ಗೆಜ್ಜೆವಸ್ತ್ರ ಒಂದೊಂದಾಗಿ ಹಲಗೆ ಮೇಲೆ ಬೀಳುತ್ತವೆ. ಎರಡು ಬಳೆ ಜಾಸ್ತಿ ಇಟ್ಟು, "ಒಡೆದರೆ ಇರಲಿ" ಅನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದನ್ನು ನೆನಪಿಸಿ ಕೊಡುವ ಈ ತಿಳಿವಳಿಕೆ ಯಾವ ಆ್ಯಪ್‌ನಲ್ಲಿ ಸಿಗುತ್ತದೆ?

ಈ ಅಂಗಡಿ ಮಾಲ್‌ನೊಳಗೆ ಹೋಗಲಾರದು. ಅಲ್ಲಿ ಬಾಡಿಗೆಯ ಜೊತೆ ನಿರ್ವಹಣೆ ಶುಲ್ಕ, ಅನೇಕ ಕಡೆ ಮಾರಾಟದಲ್ಲಿ ಪಾಲು. ಗಿರಾಕಿಯೂ ಅಷ್ಟೇ, ಬಾಗಿಲಲ್ಲಿ ನಿಂತವರು ಬಿಟ್ಟರೆ ಮಾತ್ರ ಒಳಗೆ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಏನಾಯಿತು ನೆನಪಿದೆಯಲ್ಲ? ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಸರ್ಕಾರ ಏಳು ದಿನ ಮಾಲ್ ಮುಚ್ಚಿಸುವುದಾಗಿ ಹೇಳಬೇಕಾಯಿತು. ಪಂಚೆ ಉಟ್ಟು ಬಂದವರನ್ನು ಸಂಪಿಗೆ ರಸ್ತೆಯಲ್ಲಿ ತಡೆಯುವ ಹಕ್ಕು ಯಾರಿಗಿದೆ?

ಪಾಲಿಕೆಯವರ ಕಥೆಗೆ ಬರೋಣ. 2005ರಲ್ಲಿ ಮ್ಯಾಗ್ರಾತ್ ರಸ್ತೆಯಲ್ಲಿ ಗರುಡಾ ಮಾಲ್ ಬಂದದ್ದು ಪಾಲಿಕೆಯದೇ ಜಾಗದಲ್ಲಿ. ಮಲ್ಲೇಶ್ವರದ ಹಳೇ ಮಾರ್ಕೆಟ್ ಒಡೆದ ಮೇಲೆ ಆ ಜಾಗ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 2010ರಲ್ಲಿ ಸಂಪಿಗೆ ರಸ್ತೆಯ ತುದಿಯಲ್ಲಿ ಮಂತ್ರಿ ಮಾಲ್ ತೆರೆಯಿತು. ಪಕ್ಕದ ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು ಸೇರಿತು.

ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯ್ದೆಯೇ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆಯೆಂದರೂ ನೂರಕ್ಕೆ 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಎನ್ನುತ್ತದೆ. ಆದರೂ ಲಾರಿ ತಂದು ತಳ್ಳುಗಾಡಿ ಹೊತ್ತೊಯ್ಯುವುದು ನಿಂತಿಲ್ಲ. 2025ರ ಜುಲೈನಲ್ಲಂತೂ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಹೋದವು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ! ಹೆದರಿದವರು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬೋರ್ಡ್ ಹಾಕಿದರು.

ಯಾರನ್ನು ಕೇಳೋಣ? ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಒಂದು ಬೆಂಚು ಬೇಕೆಂದರೆ ಬಾಗಿಲು ತಟ್ಟಲು ವಾರ್ಡಿನ ಸದಸ್ಯರೇ ವರ್ಷಗಟ್ಟಲೆ ಇಲ್ಲದಿದ್ದ ಊರು ಇದು.

ಅಂಗಡಿಗಳ ಕಾಲ ಮುಗಿಯಿತು ಎಂದು ಬರೆಯುವಷ್ಟು ಸಿಟ್ಟು ನಿಮಗಿದೆ. ಆ ಸಿಟ್ಟನ್ನು ಸುಮ್ನೆ ನಮ್ಮ ಮೇಲೆ ಖರ್ಚು ಮಾಡಬೇಡಿ. ವೋಟು ಕೇಳಲು ಬರುವವರನ್ನು ನಿಲ್ಲಿಸಿ, ಎಂಟನೇ ಕ್ರಾಸ್‌ನಲ್ಲಿ ಶೌಚಾಲಯ ಎಲ್ಲಿ ಕಟ್ಟಿಸುತ್ತೀರಿ ಎಂದು ಕೇಳಿ. ಜಾಗ ಇಲ್ಲ ಅಂದರೆ, ಪಾಲಿಕೆಯ ಮಾರ್ಕೆಟ್ ಜಾಗ ಇದೆಯಲ್ಲ ಅನ್ನಿ.