ರಾತ್ರಿಯ ಕಾವಲು: ರಾಯಚೂರಿನ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ರಾಯಚೂರಿನ ಒಂದು ಕುಟುಂಬದ್ದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ವಯಸ್ಸು, ಉದ್ಯೋಗ ಮೊದಲಾದ ವಿವರಗಳನ್ನು ಬದಲಿಸಿದ್ದೇನೆ.

2025ರ ಮೇ ತಿಂಗಳ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡನಿಗೆ ನಲವತ್ತರ ಆಸುಪಾಸು, ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಮನೆಯಲ್ಲಿ ಇಬ್ಬರು ಮಕ್ಕಳು ಮತ್ತು ಸಕ್ಕರೆ ಕಾಯಿಲೆಯಿರುವ ತಾಯಿ. ಮಾತು ತೆಗೆದವರು ಹೆಂಡತಿ: “ರಾತ್ರಿ ಮೂರರ ತನಕ ಫೋನ್ ನೋಡ್ತಾರ್ರಿ ಮೇಡಂ. ಬೆಳಿಗ್ಗೆ ಎದ್ದ ಕೂಡ್ಲೆ ಏನರ ತಂದು ಮನ್ಯಾಗ ತುಂಬ್ತಾರ. ಕಾಲಿಡಾಕ ಜಾಗ ಇಲ್ಲ.” ಆ ತಿಂಗಳಲ್ಲಿ ಅವರು ತಂದಿಟ್ಟದ್ದು ಮೂರು ಕ್ವಿಂಟಲ್ ಅಕ್ಕಿ, ಬೇರೆಯವರ ಹೆಸರಿನ ಎರಡು ಗ್ಯಾಸ್ ಸಿಲಿಂಡರ್ ಮತ್ತು ಬಚ್ಚಲಿನ ಪಕ್ಕದಲ್ಲಿ ಮೂರು ಕ್ಯಾನ್ ಪೆಟ್ರೋಲ್. ಇದಕ್ಕಾಗಿ ಹೆಂಡತಿಯ ಬಳೆಗಳನ್ನು ಅಡವಿಟ್ಟಿದ್ದರು.

ಭಾರತ ಪಾಕಿಸ್ತಾನ ಸಂಘರ್ಷದ ಆ ದಿನಗಳಲ್ಲಿ, ಯುದ್ಧ ಬಂದೀತೆಂಬ ಅವರ ಭಯಕ್ಕೆ ಆಧಾರವೇ ಇರಲಿಲ್ಲ ಎನ್ನಲಾಗದು. ಮೇ 7ರ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಪ್ರಕಟವಾದ ಪಟ್ಟಿಯಲ್ಲಿ ರಾಯಚೂರಿನ ಹೆಸರೂ ಇತ್ತು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಇರುವ ಊರಿನವರಿಗೆ ಅದು ದೂರದ ಸುದ್ದಿಯಾಗಿ ಕಾಣುವುದಿಲ್ಲ. ಆದರೆ ಎಟಿಎಂಗಳು ಎರಡು ಮೂರು ದಿನ ಮುಚ್ಚುತ್ತವೆ ಎಂಬ ಸಂದೇಶ ಅದೇ ವಾರ ಹರಿದಾಡಿತು, ಅದು ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ತಿಳಿಸಿತು. ಆಹಾರಧಾನ್ಯದ ಕೊರತೆಯಿಲ್ಲ ಎಂದು ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿಯವರೂ ಹೇಳಿದರು. ಸುಳ್ಳು ಸುದ್ದಿ ಇವರಿಗೆ ತಲುಪಿದ ವೇಗದಲ್ಲಿ ಈ ಸ್ಪಷ್ಟನೆಗಳು ತಲುಪಲಿಲ್ಲ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ಒಮ್ಮೆಗೇ ಅಳಿಸಿಬಿಡಿ ಎಂದೆ. ಅವರು ಪ್ರಾಮಾಣಿಕವಾಗಿ ಅಳಿಸಿದರು, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಬಾಗಿಲು, ಗ್ಯಾಸಿನ ರೆಗ್ಯುಲೇಟರ್, ನೀರಿನ ಟ್ಯಾಂಕ್ ನೋಡಿ ಬರುವುದು ಹೆಚ್ಚಾಯಿತು. ಫೇಸ್‌ಬುಕ್ ಖಾತೆ ಅಳಿಸಿದ ಮೇಲೂ 30 ದಿನಗಳೊಳಗೆ ಮರಳಿ ಪಡೆಯಲು ಅವಕಾಶವಿರುತ್ತದೆ. ಹನ್ನೊಂದನೆಯ ದಿನ ಅವರು ಮರಳಿದರು, ಮತ್ತು ಅದನ್ನು ನನಗೆ ಹೇಳಲು ನಾಚಿಕೊಂಡರು.

ಕಾರಣ ತಿಳಿದದ್ದು ಮೂರನೆಯ ಭೇಟಿಯಲ್ಲಿ. ಅವರ ಹುಟ್ಟೂರು ತುಂಗಭದ್ರೆಯ ದಂಡೆಯದು. 2009ರ ಅಕ್ಟೋಬರ್ ಮೊದಲ ವಾರದ ಪ್ರವಾಹದಲ್ಲಿ, ನದಿಯಾಚೆಯ ಮಂತ್ರಾಲಯವೂ ಮುಳುಗಿದ ಆ ದಿನಗಳಲ್ಲಿ, ಅವರ ಮನೆಗೆ ರಾತ್ರಿ ನೀರು ನುಗ್ಗಿತ್ತು. ತಾಯಿಯನ್ನು ಹೆಗಲ ಮೇಲೆ ಹೊತ್ತು ದಿಬ್ಬಕ್ಕೆ ಹತ್ತಿದರು. ಪಹಣಿ, ಅಂಕಪಟ್ಟಿ, ಪಡಿತರ ಚೀಟಿ ಇದ್ದ ಟ್ರಂಕು ಎರಡು ದಿನ ನೀರಿನಲ್ಲೇ ಇತ್ತು. “ಆವತ್ತು ನಮಗ ಯಾರೂ ಹೇಳ್ಲಿಲ್ಲರಿ,” ಎಂದರು. ಮುಂದೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದಲ್ಲಿ ತಾತ್ಕಾಲಿಕ ತಡೆ ಅಳವಡಿಸಿ ನೀರು ನಿಲ್ಲಿಸಿದರು. ಆ ಒಂದು ವಾರ ಇವರು ಫೋನ್ ಕೆಳಗಿಡಲಿಲ್ಲ. ನೀರು ನಿಂತ ಮೇಲೂ ಇಡಲಿಲ್ಲ.

ಅಂದರೆ ಇದು ಬರೀ ಚಟವಲ್ಲ. ಅವರು ಮನೆಗೆ ಕಾವಲು ಕಾಯುತ್ತಿದ್ದರು. ಫೋನ್ ನೋಡುವುದೇ ಅವರ ಪಾಲಿಗೆ ಸಿದ್ಧತೆಯಾಗಿತ್ತು. ಅದನ್ನು ಕಸಿದುಕೊಂಡು ಬೇರೇನನ್ನೂ ಕೊಡದಿದ್ದುದರಿಂದಲೇ ನನ್ನ ಮೊದಲ ಸಲಹೆ ನಿಲ್ಲಲಿಲ್ಲ. ಬಿಡುವ ಮಾತನ್ನು ಬದಿಗಿಟ್ಟು ಸಿದ್ಧತೆಯ ಬಗ್ಗೆಯೇ ಕೇಳಿದೆ: “ಇವತ್ತು ಸಂಜೆಯೇ ಅಂಗಡಿಗಳೆಲ್ಲ ಮುಚ್ಚಿದರೆ, ನಿಮ್ಮ ತಾಯಿಯವರ ಇನ್ಸುಲಿನ್ ಎಷ್ಟು ದಿನಕ್ಕಾಗುತ್ತದೆ?”

ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಬಾಟಲಿ ಐತ್ರಿ, ಅದೂ ಅರ್ಧ. ನಾಕೈದು ದಿನಕ್ಕಾಗಬಹುದು,” ಎಂದರು. ಒಂದು ವರ್ಷಕ್ಕಾಗುವಷ್ಟು ಅಕ್ಕಿಯಿದ್ದ ಮನೆಯಲ್ಲಿ ತಾಯಿಯ ಜೀವ ಹಿಡಿದಿಟ್ಟ ಔಷಧ ಐದು ದಿನಕ್ಕೂ ಸಾಲದು. ಅವರು ಬಹಳ ಹೊತ್ತು ನೆಲ ನೋಡುತ್ತ ಕುಳಿತರು. ನಾನೂ ಮಾತಾಡಲಿಲ್ಲ.

ಮುಂದಿನ ವಾರಗಳಲ್ಲಿ ಕೊಟ್ಟ ಸಲಹೆಯೆಲ್ಲ ಅಲ್ಲಿಂದಲೇ ಹೊರಟಿತು. ಪ್ರತಿಯೊಂದು ವಸ್ತುವಿಗೂ ‘ಇಷ್ಟಾದರೆ ಸಾಕು’ ಎಂಬ ಗೆರೆ ಎಳೆಯಬೇಕು, ಆ ಗೆರೆಯನ್ನು ಗಂಡ ಹೆಂಡತಿ ಕೂಡಿ ಎಳೆಯಬೇಕು ಎಂಬುದು ನನ್ನ ಮೊದಲ ಷರತ್ತು. ವೈದ್ಯರನ್ನು ಕೇಳಿ ಒಂದು ತಿಂಗಳ ಇನ್ಸುಲಿನ್ ಮುಂಗಡವಾಗಿ ಇಟ್ಟುಕೊಂಡರು; ತೆರೆಯದ ಬಾಟಲಿಗಳು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು; ಗಡಿಗೆ ಅಷ್ಟು ತಂಪು ಕೊಡದಿದ್ದರೂ, ಕರೆಂಟ್ ಹೋದಾಗ ತಾತ್ಕಾಲಿಕವಾಗಿ ಇಡಲು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಂದನ್ನು ನೆರಳಿನಲ್ಲಿ ಸಿದ್ಧಪಡಿಸಿದರು. ಕುಡಿಯಲು, ಅಡುಗೆಗೆ ತಲಾ ದಿನಕ್ಕೆ ನಾಲ್ಕು ಲೀಟರಿನಂತೆ ಐದು ಜನಕ್ಕೆ ಮೂರು ದಿನಕ್ಕೆ 60 ಲೀಟರ್, ಅಂದರೆ ಮುಚ್ಚಳವಿರುವ 20 ಲೀಟರಿನ ಮೂರು ಕ್ಯಾನ್. ನಳದ ನೀರು ಬಂದಾಗಲೆಲ್ಲ ಹಳೆಯದನ್ನು ಬಳಸಿ ಹೊಸದನ್ನು ತುಂಬಬೇಕು. ಮನೆಯ ಪತ್ರಗಳಿಗೆ ನೀರು ಹೋಗದ ಚೀಲ, ನಕಲುಗಳು ಸಿಂಧನೂರಿನ ಅಕ್ಕನ ಮನೆಯಲ್ಲಿ, ಸಾಧ್ಯವಾದವು ಡಿಜಿಲಾಕರ್‌ನಲ್ಲಿ. ನೆಟ್‌ವರ್ಕ್ ಇಲ್ಲದಿದ್ದರೆ ಫೋನ್‌ಪೇ ನಡೆಯುವುದಿಲ್ಲವಾದ್ದರಿಂದ ಒಂದು ವಾರದ ಖರ್ಚಿನಷ್ಟು ಚಿಲ್ಲರೆ ನೋಟು.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ನಾನು ಚೌಕಾಶಿಗೆ ಒಪ್ಪಲಿಲ್ಲ. ರಾಯಚೂರಿನ ಬೇಸಿಗೆಯಲ್ಲಿ, ಮಕ್ಕಳಿರುವ ಮನೆಯೊಳಗೆ, ಅದು ಯಾವ ಯುದ್ಧಕ್ಕಿಂತಲೂ ಹತ್ತಿರದ ಅಪಾಯ. ಅದೇ ದಿನ ಮನೆಯಿಂದ ಹೊರಹೋಗಬೇಕೆಂದೆ, ಹೋಯಿತು. ಸಿಲಿಂಡರ್‌ಗಳೂ ಅವುಗಳ ಯಜಮಾನರಿಗೆ ಮರಳಿದವು.

ಅಕ್ಕಿಯ ಕಥೆ ಬೇರೆ. ಜುಲೈನಲ್ಲಿ ಒಂದು ಚೀಲ ಬಿಚ್ಚಿದಾಗ ಅಕ್ಕಿ ಬಲೆ ಕಟ್ಟಿ ಮುಷ್ಟಿಯಷ್ಟು ಗಂಟುಗಳಾಗಿತ್ತು, ಹುಳುಗಳು ಚೀಲದ ಹೊಲಿಗೆಯುದ್ದಕ್ಕೂ ಸಾಲಾಗಿ ಹತ್ತುತ್ತಿದ್ದವು. ಅತ್ತೆ ಸೊಸೆ ಇಬ್ಬರೂ ಮೂರು ದಿನ ಮಾಳಿಗೆಯ ಮೇಲೆ ಒಣಗಿಸಿ, ಕೇರಿ, ಬೇವಿನ ಎಲೆ ಹಾಕಿ ಒಂದು ತಿಂಗಳಿಗಾಗುವಷ್ಟನ್ನು ಡಬ್ಬಿಗೆ ತುಂಬಿ, ಉಳಿದದ್ದನ್ನು ಬಂಧುಗಳಿಗೆ ಕೊಂಡ ಬೆಲೆಗೇ ಕೊಟ್ಟರು. ಆ ಹಣದಿಂದ ಎರಡು ಬಳೆ ಬಿಡಿಸಿಕೊಂಡರು. ಒಲೆ ಹಚ್ಚದೆ ಉಣ್ಣುವ ಊಟ ಯಾವುದೆಂದು ನಾನು ಕೇಳುವ ಮೊದಲೇ ತಾಯಿ ಹೇಳಿದ್ದರಂತೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಈ ಸೀಮೆಯ ಹೆಣ್ಣುಮಕ್ಕಳಿಗೆ ಈ ಸಿದ್ಧತೆ ಹೊಸದಲ್ಲ. ಅವರನ್ನು ಕೇಳದೆ ಗಂಡಸರು ಫೋನನ್ನು ಕೇಳುತ್ತಾರೆ ಎಂಬುದು ನನ್ನ ನಿಜವಾದ ಬೇಸರ.

ಈ ವಸ್ತುಗಳ ಪಟ್ಟಿ ಕಪಾಟಿನ ಬಾಗಿಲ ಒಳಗೆ ಅಂಟಿದ ಮೇಲೆ, ಆಗಸ್ಟ್‌ನಲ್ಲಿ ಮತ್ತೆ ಜಾಲತಾಣ ಬಿಡುವ ಮಾತು ಬಂತು, ಈ ಸಲ ಅವರಿಂದಲೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಳಿಸಿದರು. ಕಚೇರಿ ಮತ್ತು ಶಾಲೆಯ ಗುಂಪುಗಳಿಗಾಗಿ ವಾಟ್ಸ್‌ಆ್ಯಪ್ ಉಳಿಯಿತು. ಉಳಿದ ಗುಂಪುಗಳಿಂದ ಹೊರಬಂದರೆ ಅಡ್ಮಿನ್‌ಗಳಿಗಷ್ಟೇ ಸೂಚನೆ ಹೋಗುತ್ತದೆ ಎಂದು ಹೇಳಿದಾಗ, ನೆಂಟರು ಏನಂದುಕೊಳ್ಳುತ್ತಾರೋ ಎಂಬ ಅವರ ಅಳುಕು ಅರ್ಧ ಇಳಿಯಿತು. ಯೂಟ್ಯೂಬಿನ ವೀಕ್ಷಣೆಯ ಇತಿಹಾಸವನ್ನು ನಿಲ್ಲಿಸಿ ಅಳಿಸಿದ್ದರಿಂದ ತೆರೆದ ಕೂಡಲೇ ವಿಡಿಯೊಗಳು ಎದುರಾಗುವುದು ನಿಂತಿತು. ಸುದ್ದಿಗೆ ಬೆಳಿಗ್ಗೆ ಆಕಾಶವಾಣಿಯ ವಾರ್ತೆ, ಬ್ಯಾಟರಿ ರೇಡಿಯೊದಲ್ಲಿ. ಎದೆ ಬಡಿತ ತಡೆಯಲಾಗದ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ನಾಲ್ಕು ತಿಂಗಳಲ್ಲಿ ಒಂಬತ್ತು ಬಾರಿ ಭೇಟಿಯಾದೆವು. ಹೊಳೆಗೆ ನೀರು ಬಿಡುತ್ತಾರೆಂಬ ಎಚ್ಚರಿಕೆ ಬಂದ ರಾತ್ರಿ ಅವರಿಗೆ ಇಂದಿಗೂ ನಿದ್ದೆ ತಡವಾಗುತ್ತದೆ. ಅದನ್ನು ಕಿತ್ತುಹಾಕಲು ನಾನು ಯತ್ನಿಸಲಿಲ್ಲ. ಅಂಥ ರಾತ್ರಿ ಹತ್ತು ಗಂಟೆಗೆ ಒಮ್ಮೆ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡುತ್ತಾರೆ, ಕೇಳಿದ್ದನ್ನು ತಾಯಿಗೆ ಹೇಳುತ್ತಾರೆ, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಂದು ಮಲಗುತ್ತಾರೆ.